ಕಂಬಳಿ ಹೊದ್ದ ಕಳ್ಳ

“ಗುರುಗಳೇ, ರೋಗಾಣು ಕಾಣದಿದ್ದರೂ ರೋಗ ಯಾಕೆ ಉಳಿಯುತ್ತದೆ?”

ಕೇಳಿದವನು ಇಂದುಧರ. ವೈದ್ಯಕೀಯ ಓದುತ್ತಿದ್ದವನು. ರಜೆ ಬಂದಾಗಲೆಲ್ಲ ಮುರಿಗೆಪ್ಪ ಡಾಕ್ಟರ ಬಳಿ ಬಂದು, ಪಕ್ಕದಲ್ಲಿ ಕೂತು, ರೋಗಿಗಳನ್ನು ನೋಡಿ ಕಲಿಯುತ್ತಿದ್ದ. ಊರವರೆಲ್ಲ ಅವರನ್ನು ಡಾಕ್ಟರು ಎನ್ನುತ್ತಿದ್ದರು, ಅವನು ಮಾತ್ರ ಗುರುಗಳೇ ಎನ್ನುತ್ತಿದ್ದ. ಕಾಲೇಜಿನಲ್ಲಿ ಅವನಿಗೆ ರೋಗಾಣುಗಳ ಪಾಠ ಮುಗಿದಿತ್ತು, ಹೃದಯದ ಪಾಠ ಇನ್ನೂ ಆಗಿರಲಿಲ್ಲ. ಹೀಗಾಗಿ ಯಾವ ರೋಗಿ ಬಂದರೂ ಅವನು ರೋಗಾಣುವನ್ನೇ ಹುಡುಕುತ್ತಿದ್ದ.

ಆ ದಿನ ಬಳೆಗಾರರ ಮನೆಯ ಹುಡುಗಿ ಬಂದಿದ್ದಳು. ಕೆಲವು ವಾರಗಳ ಹಿಂದೆ ಅವಳಿಗೆ ಗಂಟಲು ನೋವು, ಜ್ವರ. ತಾಯಿ ಮೆಣಸಿನ ಕಷಾಯ ಮಾಡಿ ಕೊಟ್ಟಿದ್ದಳು. ನೋವು ತಾನಾಗಿಯೇ ಹೋಯಿತು. ಎಲ್ಲ ಸರಿಹೋಯಿತು ಎನ್ನುವಾಗ ಮೊಣಕಾಲು ಊದಿತು. ಮೊಣಕಾಲು ಇಳಿದರೆ ಮೊಣಕೈ ಊದಿತು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಎದೆಗೆ ಕೊಳವೆಯಿಟ್ಟು ಕೇಳಿದರೆ ಅಲ್ಲಿ ಇರಬಾರದ ಸದ್ದು ಇತ್ತು.

“ಗಂಟಲಿನಿಂದ ದ್ರವ ತೆಗೆದು ಪರೀಕ್ಷೆಗೆ ಕಳಿಸಿದ್ದೆವು. ರೋಗಾಣು ಒಂದೂ ಸಿಗಲಿಲ್ಲ,” ಎಂದ ಇಂದುಧರ. “ಅಂದರೆ ಅದು ಎಲ್ಲೋ ಅಡಗಿದೆ. ಮೈಯ ಕಾವಲು ಸೋತಿದೆ. ಕಾವಲಿಗೆ ಬಲ ಬರುವಂಥ ಟಾನಿಕ್ ಕೊಡೋಣ ಅಂತ.” ಅವನ ಕೈಯಲ್ಲಿ ಆಗಲೇ ಶೀಸೆ ಇತ್ತು. ಔಷಧ ಮಾರುವವನು ಪುಕ್ಕಟೆ ಕೊಟ್ಟುಹೋದದ್ದು. ಅದರ ಮೇಲೆ ತೋಳು ಮಡಿಸಿದ ಪೈಲ್ವಾನನ ಚಿತ್ರವಿತ್ತು.

ಗುರುಗಳು ಪೈಲ್ವಾನನನ್ನು ಒಮ್ಮೆ ನೋಡಿದರು.

“ಆ ಗಂಟಲಿನ ರೋಗಾಣು ಮೈಮೇಲೆ ಏನು ಹೊದ್ದಿರುತ್ತದೆ? ಓದಿದ್ದೀಯಲ್ಲ, ಹೇಳು.”

ಇಂದುಧರ ತಟ್ಟನೆ ಹೇಳಿದ. “ನಮ್ಮ ಕೀಲುಗಳ ನಡುವೆ ಜಿಗುಟು ನೀರಿದೆಯಲ್ಲ, ಅದರಲ್ಲಿರುವ ವಸ್ತುವಿನದೇ ಹೊದಿಕೆ. ಅದನ್ನು ಹೊದ್ದ ರೋಗಾಣುವನ್ನು ಕಾವಲಿನ ಕಣಗಳು ಹೊರಗಿನದು ಎಂದು ಬೇಗ ಗುರುತಿಸಲಾರವು. ರೋಗಾಣುವಿನ ಮೈಮೇಲೆ ಎಳೆಗಳೂ ಇವೆ. ಅವು ಹೃದಯದ ನೇಯ್ಗೆಯನ್ನು ಹೋಲುತ್ತವೆ.”

“ಪಾಠ ಒಪ್ಪಿಸಿದ್ದಾಯಿತು. ಈಗ ಕತೆ ಕೇಳು,” ಎಂದು ಗುರುಗಳು ಹೇಳತೊಡಗಿದರು.

ಒಂದು ಕುರಿಹಟ್ಟಿ. ಹಲವು ಮನೆಗಳ ಕುರಿಗಳು ಒಂದೇ ಮಂದೆ. ಮೇವಿದ್ದಲ್ಲಿ ಇಳಿಯುವುದು, ಮೇವು ಮುಗಿದರೆ ಗಂಟುಮೂಟೆ ಕಟ್ಟಿ ಮುಂದಿನ ಬಯಲಿಗೆ ಏಳುವುದು. ಬೆಳಗಾದರೆ ಗಂಡಸರು ದೊಡ್ಡ ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಎಳೆಯ ಮರಿಗಳು ದೊಡ್ಡಿಯಲ್ಲೇ ಉಳಿಯುತ್ತಿದ್ದವು. ದೊಡ್ಡಿ ಕಾಯುವುದು ನಾಯಿಗಳ ಕೆಲಸ. ನಾಯಿಗಳನ್ನು ನೋಡಿಕೊಳ್ಳುವುದು ಒಬ್ಬ ಮುದುಕನ ಕೆಲಸ.

ಮುದುಕನಿಗೆ ಕಾಲು ಸೋತಿತ್ತು, ಮಂದೆಯ ಹಿಂದೆ ನಡೆಯಲಾರ. ಆದರೆ ನಾಯಿ ಸಾಕುವುದರಲ್ಲಿ ಅವನನ್ನು ಮೀರಿಸಿದವರು ಆ ಸೀಮೆಯಲ್ಲೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು. ಇದ್ದವಳು ಒಬ್ಬಳೇ ಮಗಳು. ಅವಳು ಹುಟ್ಟಿದ ಹೊತ್ತಿನಲ್ಲಿ ಇವನು ನಾಯಿಮರಿಗೆ ಹಾಲು ಕುಡಿಸುತ್ತ ಕೂತಿದ್ದನಂತೆ. ಹೆಂಡತಿ ಅದನ್ನು ಜೀವಮಾನವಿಡೀ ಆಡಿ ತೋರಿಸಿದಳು.

ಅವನ ಪದ್ಧತಿ ಹೀಗಿತ್ತು. ನಾಯಿಮರಿ ಕಣ್ಣು ಬಿಡುವ ಮೊದಲೇ ಅದನ್ನು ಹಟ್ಟಿಯ ಕಂಬಳಿಯ ತುಂಡಿನಲ್ಲಿ ಮಲಗಿಸುತ್ತಿದ್ದ. ಆ ಮಂದೆಯದೇ ಉಣ್ಣೆ. ಹುಣಸೆಬೀಜ ಅರೆದು ಕುದಿಸಿದ ಗಂಜಿಯನ್ನು ಬಳಿದು ಗಡಸು ಮಾಡಿದ ಕಂಬಳಿ. ಉಣ್ಣೆಯ ಜಿಡ್ಡು, ಹುಣಸೆಗಂಜಿ, ಎರಡೂ ಸೇರಿದ ಒಂದು ವಾಸನೆ ಅದಕ್ಕೆ. ನಾಯಿ ಲೋಕವನ್ನು ನೋಡುವ ಮೊದಲೇ ಆ ವಾಸನೆಯನ್ನು ಕಲಿಯುತ್ತಿತ್ತು. ಇದು ನಮ್ಮದು, ಉಳಿದದ್ದು ಪರರದು. ಇಷ್ಟೇ ವಿದ್ಯೆ.

ಇಷ್ಟೇ ಆದರೂ ಅದು ದೊಡ್ಡ ವಿದ್ಯೆ. ಹಟ್ಟಿಗೆ ಬಂದುಹೋಗುವವರು ಬಹಳ. ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡ ರೈತ, ಬೀಗರು, ಹೊಸದಾಗಿ ಬಂದ ಸೊಸೆ. ಯಾರೇ ಬರಲಿ, ಮೊದಲು ಹೆಗಲಿಗೆ ಹಟ್ಟಿಯ ಕಂಬಳಿ ಹಾಕುತ್ತಿದ್ದರು. ಕಂಬಳಿ ಹೊದ್ದವನನ್ನು ನಾಯಿಗಳು ಮೂಸಿ ದಾರಿ ಬಿಡುತ್ತಿದ್ದವು. ಹೊದೆಯದವನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಮಗಳು ನಡೆಯಲು ಕಲಿತಾಗ ಮುದುಕ ಅವಳಿಗೆ ಹೇಳಿಕೊಟ್ಟ ಮೊದಲ ಮಾತೂ ಇದೇ. ನಾಯಿ ಮೇಲೆ ಬಂದರೆ ಓಡಬಾರದು, ಕಂಬಳಿಯ ಅಂಚನ್ನು ಮುಂದೆ ಚಾಚಬೇಕು.

ಆ ಮಗಳನ್ನು ದೂರದ ಊರಿಗೆ ಕೊಟ್ಟಿದ್ದರು. ಈಗ ಅವಳು ತುಂಬಿದ ಬಸುರಿ. ಚೊಚ್ಚಲ ಮಗುವನ್ನು ಹಟ್ಟಿಯ ಕಂಬಳಿಯಲ್ಲಿ ಸುತ್ತಿ ತಂದು, ದೊಡ್ಡಿಯಲ್ಲಿ ಮರಿಗಳ ನಡುವೆ ಒಂದು ಗಳಿಗೆ ಮಲಗಿಸುವುದು ಅವರ ಸಂಪ್ರದಾಯ. ಮುದುಕ ಹೊಸ ಕಂಬಳಿಯೊಂದನ್ನು ನೇಯಿಸಿ ಅವಳ ಊರಿಗೆ ಕಳಿಸಿಕೊಟ್ಟಿದ್ದ. ಆಮೇಲೆ ಅವನ ಮನಸ್ಸೆಲ್ಲ ದಾರಿಯ ಕಡೆಗೇ ಇತ್ತು.

ಆ ಸೀಮೆಯಲ್ಲಿ ಒಬ್ಬ ಕಳ್ಳನಿದ್ದ. ಮರಿ ಕದಿಯುವುದೇ ಅವನ ಕಸುಬು. ಬೇರೆ ಹಟ್ಟಿಗಳಲ್ಲಿ ಕಸುಬು ಸಲೀಸಾಗಿ ನಡೆಯಿತು. ಈ ಹಟ್ಟಿಯಲ್ಲಿ ನಡೆಯಲಿಲ್ಲ. ಮಾಂಸ ಎಸೆದು ನೋಡಿದ, ನಾಯಿಗಳು ಮೂಸಲಿಲ್ಲ. ಮೈಗೆಲ್ಲ ಕುರಿಹಿಕ್ಕೆ ಬಳಿದುಕೊಂಡು ಬಂದ, ಪಂಚೆ ಹರಿಸಿಕೊಂಡು ಓಡಿದ. ಕಳ್ಳನಾದರೇನು, ಅವನಿಗೂ ಹೊಟ್ಟೆ ಇತ್ತು, ಬುದ್ಧಿಯೂ ಇತ್ತು. ಹಟ್ಟಿ ಎದ್ದುಹೋದ ಜಾಗಗಳನ್ನು ಹಿಂಬಾಲಿಸಿ ಹುಡುಕುತ್ತ ಬಂದ.

ಆ ಕುರಿಗಾರರಿಗೆ ಕಂಬಳಿಯೆಂದರೆ ದೇವರ ಗದ್ದುಗೆ. ಹರಿದ ಕಂಬಳಿಯನ್ನು ಅವರು ಸುಡುವುದಿಲ್ಲ, ತಿಪ್ಪೆಗೆ ಎಸೆಯುವುದಿಲ್ಲ. ಒಂದು ಬಯಲನ್ನು ಬಿಟ್ಟು ಏಳುವಾಗ, ಹರಿದದ್ದನ್ನೆಲ್ಲ ಮಡಿಸಿ, ಯಾವುದಾದರೂ ಬನ್ನಿಮರದ ಬುಡದಲ್ಲಿಟ್ಟು, ಕೈಮುಗಿದು ಹೋಗುತ್ತಾರೆ. ತಮ್ಮ ಮನೆಯ ಬೀಗದ ಕೈಯನ್ನು ಬಯಲಿನಲ್ಲಿಟ್ಟು ಕೈಮುಗಿಯುತ್ತಿದ್ದೇವೆ ಎಂದು ಅವರಿಗೆ ಹೊಳೆದಿರಲಿಲ್ಲ. ಭಕ್ತಿಯಿಂದ ಮಾಡುವ ಕೆಲಸದಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ ನೋಡು.

ಕಳ್ಳ ಆ ತುಂಡುಗಳನ್ನು ಆಯ್ದ. ಒಂದಕ್ಕೊಂದು ಹೊಲಿದು ಹೊದಿಕೆ ಮಾಡಿಕೊಂಡ. ಒಂದು ಮಧ್ಯಾಹ್ನ ಅದನ್ನು ಹೊದ್ದು, ನೆಟ್ಟಗೆ ದೊಡ್ಡಿಯತ್ತ ನಡೆದು ಬಂದ. ನಾಯಿಗಳು ಎದ್ದವು. ಮೂಸಿದವು. ಬಾಲ ಅಲ್ಲಾಡಿಸಿ ಮತ್ತೆ ಮಲಗಿದವು. ದೂರದಲ್ಲಿ ಕೂತಿದ್ದ ಮುದುಕನೂ ನೋಡಿದ. ಯಾರೋ ನಮ್ಮವರೇ ಎಂದುಕೊಂಡು ಎಲೆಯಡಿಕೆಗೆ ಸುಣ್ಣ ಹಚ್ಚಿಕೊಂಡ. ಕಳ್ಳ ಒಂದು ಮರಿಯನ್ನು ಹೊದಿಕೆಯೊಳಗೆ ಹಾಕಿಕೊಂಡು ಬಂದ ದಾರಿಯಲ್ಲೇ ಹೋದ.

ಮೊದಮೊದಲು ಯಾರಿಗೂ ತಿಳಿಯಲಿಲ್ಲ. ಒಂದು ಮರಿ ಕಾಣದಿದ್ದರೆ ಹದ್ದು ಒಯ್ದಿರಬೇಕು ಎಂದರು, ಮತ್ತೊಂದು ಕಾಣದಿದ್ದರೆ ನರಿ ಎಂದರು. ಕಳ್ಳನ ಕಸುಬು ಕುದುರಿತು. ತನ್ನ ಭಾವಮೈದುನರನ್ನೂ ಕರೆತಂದ. ಎಲ್ಲರಿಗೂ ಅಂಥದೇ ಹೊದಿಕೆ. ಕೊನೆಗೆ ಅವರಿಗೆ ಅಂಜಿಕೆಯೂ ಇಲ್ಲವಾಯಿತು. ಮುದುಕ ತೂಕಡಿಸುವಾಗ ದೊಡ್ಡಿಗೆ ಬೇಲಿಯಾಗಿ ಕಟ್ಟಿದ್ದ ಬಲೆ ಹರಿದರು. ಮರಿಗಳು ಬೆದರಿ ಒಂದರ ಮೇಲೊಂದು ಬಿದ್ದು ತುಳಿದಾಡಿ ಸತ್ತವು. ಅವರು ಕದ್ದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚಾಯಿತು.

ಹಟ್ಟಿಯ ಯಜಮಾನ ಎಲ್ಲರೆದುರು ಮುದುಕನನ್ನು ಕರೆದು ಕೇಳಿದ.

“ಏನಪಾ, ಹಾಲು ಹೊಯ್ದು, ಮುದ್ದಿ ಹಾಕಿ ಸಾಕೀದಿ. ಒಂದರ ಬೊಗಳ್ತೇನು? ಕೂಳಿಗೆ ದಂಡ, ಭೂಮಿಗೆ ಭಾರ ನಿನ್ನ ನಾಯಿ.”

ತನ್ನನ್ನು ಬೈದಿದ್ದರೆ ಮುದುಕ ನುಂಗಿಕೊಳ್ಳುತ್ತಿದ್ದ. ನಾಯಿಗಳನ್ನು ಬೈದದ್ದು ಅವನಿಗೆ ಚುಚ್ಚಿತು.

ಮರುದಿನ ಅವನು ದೊಡ್ಡಿಯೊಳಗೇ, ಮರಿಗಳ ನಡುವೆ ಕುಕ್ಕರಗಾಲಲ್ಲಿ ಕೂತ. ಮಧ್ಯಾಹ್ನ ಕಂಬಳಿ ಹೊದ್ದವನೊಬ್ಬ ಬಂದ. ನಾಯಿಗಳು ಬಾಲ ಅಲ್ಲಾಡಿಸಿದವು. ಬಂದವನು ಬಗ್ಗಿ ಒಂದು ಮರಿಯನ್ನು ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತಿದ. ಕುರಿಗಾರನಾದವನು ಮರಿಯನ್ನು ಹಾಗೆ ಎತ್ತುವುದಿಲ್ಲ. ಎದೆಯಡಿ ಕೈಕೊಟ್ಟು ತೋಳಿನ ಮೇಲೆ ಹಾಕಿಕೊಳ್ಳುತ್ತಾನೆ. ಮುದುಕನಿಗೆ ಆ ಕೈ ನೋಡಿ ಗೊತ್ತಾಯಿತು. ಬೊಬ್ಬೆ ಹೊಡೆದ. ಹತ್ತಿರದಲ್ಲೇ ಮೇಯಿಸುತ್ತಿದ್ದ ಗಂಡಸರು ಕೋಲು ಹಿಡಿದು ಓಡಿಬಂದರು. ಕಳ್ಳನಿಗೂ ಬೇಲಿಯಾಚೆ ಕಾದಿದ್ದ ಅವನ ಭಾವಮೈದುನರಿಗೂ ಹಬ್ಬದೂಟ ಬಡಿಸಿದಷ್ಟು ಬಡಿದರು. ಹೊದಿಕೆಗಳನ್ನು ಅಲ್ಲಿಯೇ ಬಿಟ್ಟು ಅವರು ಓಡಿಹೋದರು.

ಆ ಕಳ್ಳರು ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಇದನ್ನು ನೆನಪಿಟ್ಟುಕೋ, ಇಂದುಧರ. ಕಳ್ಳರು ಮತ್ತೆ ಬರಲಿಲ್ಲ.

ಆದರೆ ಮುದುಕನ ಮನಸ್ಸಿನ ಉರಿ ಆರಲಿಲ್ಲ. ಕಳ್ಳನನ್ನು ಹಿಡಿದದ್ದು ತಾನು, ನಾಯಿಗಳು ಸುಮ್ಮನೆ ನೋಡುತ್ತ ನಿಂತಿದ್ದವು. ಮೊಮ್ಮಗು ಬರುವ ದಿನ ಹತ್ತಿರವಾಗುತ್ತಿತ್ತು. ಅದನ್ನು ಮಲಗಿಸುವ ದೊಡ್ಡಿಗೆ ಇಂಥ ಕಾವಲೇ? ಅವನಿಗೆ ಭಯವಾಯಿತು. ಭಯಕ್ಕೆ ಮಾನದ ಪ್ರಶ್ನೆಯೂ ಸೇರಿಕೊಂಡಿತು. ಎರಡೂ ಸೇರಿದರೆ ಮನುಷ್ಯ ಬಹಳ ಕೆಲಸ ಮಾಡುತ್ತಾನೆ, ಯೋಚನೆ ಮಾಡುವುದಿಲ್ಲ.

ಅವನು ಹುಲ್ಲಿನ ಬೊಂಬೆ ಕಟ್ಟಿದ. ಅದಕ್ಕೆ ಕಳ್ಳ ಬಿಟ್ಟುಹೋದ ಹೊದಿಕೆ ಹೊದಿಸಿದ. ನಾಯಿಗಳನ್ನು ಅದರ ಮೇಲೆ ಛೂ ಬಿಟ್ಟ. ಮೊದಲು ನಾಯಿಗಳು ಅವನ ಮುಖ ನೋಡಿದವು. ಹುಟ್ಟಿದಾಗಿನಿಂದ ಮಲಗಿದ ಹಾಸಿಗೆಯನ್ನು ಕಚ್ಚು ಎಂದರೆ ಅವಾದರೂ ಏನು ಮಾಡಿಯಾವು? ಮುದುಕ ಬಿಡಲಿಲ್ಲ. ಕಚ್ಚಿದ ನಾಯಿಗೆ ಹಾಲು, ಕಚ್ಚದ ನಾಯಿಗೆ ಉಪವಾಸ. ಹೊದಿಕೆಯ ತುಂಡನ್ನು ಹರಿದು ತಂದು ಅವನ ಕಾಲ ಬಳಿ ಹಾಕಿದರೆ ಹಾಲಿನ ಗಡಿಗೆ ಕೆಳಗಿಳಿಯುತ್ತಿತ್ತು. ನಾಯಿಗಳು ಬೇಗ ಕಲಿತವು. ಅವನೇ ಸಾಕಿದ ನಾಯಿಗಳಲ್ಲವೇ!

ಒಂದು ನಾಯಿ ಮಾತ್ರ ಕಲಿಯಲಿಲ್ಲ. ಅದು ಹಲ್ಲು ಸವೆದ ಮುದಿ ನಾಯಿ, ಮಗಳ ಜೊತೆ ಆಡಿ ಬೆಳೆದದ್ದು. ಬೊಂಬೆಯನ್ನು ಮೂಸಿತು. ಕಿತ್ತುಬಿದ್ದ ಹೊದಿಕೆಯ ಮೇಲೆ ಸುತ್ತು ಹಾಕಿ ಮಲಗಿತು. ಮುದುಕ ಕೋಲಿನಿಂದ ತಿವಿದ. ಅದು ಎದ್ದು, ಅದೇ ಹೊದಿಕೆಯ ಇನ್ನೊಂದು ಮೂಲೆಯಲ್ಲಿ ಮಲಗಿತು. ಇದಕ್ಕೆ ಅರಳುಮರುಳು ಎಂದು ಅದನ್ನು ಗೂಟಕ್ಕೆ ಕಟ್ಟಿಹಾಕಿದ.

ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

“ಅಲ್ರೀ, ಆ ಕಳ್ಳನ ಹೊದಿಕಿ ಯಾವುದರದು? ನಮ್ಮ ಉಣ್ಣಿದ ಅಲ್ಲೇನು?”

“ಕಳ್ಳನ ಮೈಮ್ಯಾಲಿಂದು, ಕಳ್ಳನ ವಾಸನಿ ಬರತೈತಿ.”

“ಕಳ್ಳನ ವಾಸನಿ ಎರಡು ದಿನ. ಹುಣಸಿಗಂಜಿ ವಾಸನಿ ಅದು ಹರಿಯೂತನ. ನಾಯಿ ಯಾವುದು ಕಲೀತೈತಿ?”

“ನಾಯಿ ವಿಷಯ ನನಗ ಬಿಡು. ನೀ ರೊಟ್ಟಿ ಬಡಿ.”

ಅವಳು ರೊಟ್ಟಿ ಬಡಿದಳು. ಅವತ್ತು ರೊಟ್ಟಿಗೆ ಬಿದ್ದ ಪೆಟ್ಟು ಯಾರಿಗೆ ಸೇರಬೇಕಾದದ್ದು ಎಂದು ಹಟ್ಟಿಗೆಲ್ಲ ಗೊತ್ತಿತ್ತು.

ಕೆಲವು ದಿನ ಕಳೆದವು. ನಾಯಿಗಳು ಹಟ್ಟಿಯವರನ್ನೇ ನೋಡಿ ಗುರುಗುಟ್ಟತೊಡಗಿದವು. ಕಂಬಳಿ ಹೊದ್ದು ದೊಡ್ಡಿಯ ಹತ್ತಿರ ಹೋದರೆ ಹಲ್ಲು ಕಾಣಿಸುತ್ತಿತ್ತು. ಒಬ್ಬನ ಮೀನಖಂಡ ಹಿಡಿದು ಬಿಟ್ಟವು. ಇನ್ನೊಬ್ಬನ ಮೊಣಕೈಗೆ ಹಲ್ಲು ತಾಗಿತು. ದಿನಾ ಕೂಳು ಹಾಕುವವರ ಗುರುತು ಇದ್ದದ್ದರಿಂದ ಅಷ್ಟಕ್ಕೇ ಬಿಟ್ಟವು. ಜನ ಬಂದು ದೂರಿದರು. ಮುದುಕ ಒಳಗೊಳಗೇ ಹಿಗ್ಗಿದ. “ಚುರುಕಾಗ್ಯಾವ,” ಎಂದ.

ಆಮೇಲೆ ಚಳಿ ಬಿತ್ತು. ಚಳಿಯಲ್ಲಿ ಹುಟ್ಟಿದ ಮರಿಗಳಿಗೆ ಕಂಬಳಿಯ ತುಂಡು ಸುತ್ತುವುದು ವಾಡಿಕೆ. ಒಂದು ಬೆಳಿಗ್ಗೆ ಅಂಥ ಮರಿಯೊಂದು ಮೈ ಹರಿದು ಸತ್ತು ಬಿದ್ದಿತ್ತು. ಇನ್ನೊಂದು ಬೆಳಿಗ್ಗೆ ಇನ್ನೊಂದು. ಯಜಮಾನ ಮತ್ತೆ ಕೂಗಾಡಿದ. ಮುದುಕ ಸತ್ತ ಮರಿಯ ಮುಂದೆ ಕೂತು ಯೋಚಿಸಿದ. ಮರಿ ಸತ್ತಿದೆ ಅಂದರೆ ಕಳ್ಳ ಬಂದಿದ್ದಾನೆ. ಕಳ್ಳ ಬಂದೂ ಸಿಕ್ಕಿಲ್ಲ ಅಂದರೆ ನಾಯಿಗಳ ಚುರುಕು ಇನ್ನೂ ಸಾಲದು. ಅವನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು, ಕಳ್ಳನೊಬ್ಬ ಇರಲಿಲ್ಲ ಅಷ್ಟೆ. ಅವನು ನಾಯಿಗಳ ಕೂಳು ಕಡಿಮೆ ಮಾಡಿದ. ಬೊಂಬೆಯನ್ನು ದಿನಕ್ಕೆ ಎರಡು ಹೊತ್ತು ಎದುರಿಗಿಟ್ಟ. ಹಸಿದ ನಾಯಿಗೆ ಹಲ್ಲು ಹರಿತ ಎಂದುಕೊಂಡ.

ಹೆರಿಗೆಯಾದ ಮೇಲೆ ಮಗಳು ಮಗುವಿನೊಂದಿಗೆ ಬಂದದ್ದು ಒಂದು ಇಳಿಮಧ್ಯಾಹ್ನ. ಅವಳ ಗಂಡ ಹಳ್ಳದ ಹತ್ತಿರ ಗಾಡಿ ನಿಲ್ಲಿಸಿ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ. ತವರಿನ ಮಂದೆಯ ಸದ್ದು ಕೇಳುತ್ತಿತ್ತು. ಅಪ್ಪ ಕಳಿಸಿದ ಹೊಸ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ಮಗುವನ್ನು ಅದರೊಳಗೆ ಎದೆಗವಚಿಕೊಂಡು, ದೊಡ್ಡಿಯತ್ತ ಒಬ್ಬಳೇ ನಡೆದು ಬಂದಳು.

ಗೂಟಕ್ಕೆ ಕಟ್ಟಿದ್ದ ಮುದಿ ನಾಯಿ ಮೊದಲು ಎದ್ದಿತು. ಬಾಲ ಬಡಿಯಿತು, ಹಗ್ಗ ಜಗ್ಗಿತು, ಕುಯ್‌ಗುಟ್ಟಿತು. ಮುದುಕ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೂರದಲ್ಲಿ ಕಂಬಳಿ ಹೊದ್ದ ಒಂದು ಆಕೃತಿ ದೊಡ್ಡಿಯ ಕಡೆ ಬರುವುದು ಕಂಡಿತು. ಏನನ್ನೋ ಹೊದಿಕೆಯೊಳಗೆ ಅವಚಿಕೊಂಡಂತಿತ್ತು. ಹಿಂದೆ ಇದನ್ನೇ ನೋಡಿ ಯಾರೋ ನಮ್ಮವರು ಎಂದುಕೊಂಡಿದ್ದ. ಕಂಬಳಿ ಕಂಡರೆ ಕಳ್ಳ ಎಂದು ಈಗ ಕಲಿತದ್ದು ನಾಯಿಗಳು ಮಾತ್ರ ಅಲ್ಲ.

“ಹಿಡೀರಿ!” ಎಂದು ಕೂಗಿದ.

ನಾಯಿಗಳು ಬೊಗಳದೆ ನುಗ್ಗಿದವು. ಮಗಳು ಹೆದರಲಿಲ್ಲ. ಅಪ್ಪನ ದನಿ ಕೇಳಿ ನಕ್ಕಳು. ಓಡಲಿಲ್ಲ. ಒಂದು ಕೈಯಲ್ಲಿ ಮಗುವನ್ನು ಹಿಡಿದು, ಬಲಗೈಯಿಂದ ಕಂಬಳಿಯ ಅಂಚನ್ನು ಮುಂದೆ ಚಾಚಿದಳು. ಅಪ್ಪ ಕಲಿಸಿದ ಹಾಗೆ.

ಅವಳು ಕೂಗಿದ್ದು “ಅಪ್ಪಾ” ಎಂದು. ಆಗ ಮುದುಕನಿಗೆ ಗೊತ್ತಾಯಿತು. ಸೋತ ಕಾಲಿನಲ್ಲಿ ಅವನು ಓಡಿದ. ಓಡುತ್ತ ತನ್ನ ಕಂಬಳಿಯನ್ನು ಕಿತ್ತೆಸೆದ. ಮಗಳ ಮೇಲಿದ್ದ ಕಂಬಳಿಯನ್ನೂ ಎಳೆದು ಎಸೆದ. ನಾಯಿಗಳೆಲ್ಲ ಅವಳನ್ನು ಬಿಟ್ಟು ಆ ಕಂಬಳಿಯ ಮೇಲೆ ಬಿದ್ದವು. ಮಗಳು ಮಗುವಿನ ಮೇಲೆ ಬೋರಲಾಗಿ ಬಿದ್ದಿದ್ದಳು. ಮಗು ಅಳುತ್ತಿತ್ತು. ಅದು ಅಳುತ್ತಿದೆಯಲ್ಲ ಎಂದು ಮುದುಕ ನೆಲಕ್ಕೆ ಕುಸಿದು ಅತ್ತ.

ಅಷ್ಟರಲ್ಲಿ ಅವನ ಅತಿ ಜಾಣ ನಾಯಿ ಹೊಸ ಕಂಬಳಿಯ ತುಂಡೊಂದನ್ನು ಕಚ್ಚಿ ತಂದಿತು. ಅವನ ಕಾಲ ಬಳಿ ಹಾಕಿತು. ಬಾಲ ಅಲ್ಲಾಡಿಸುತ್ತ, ಹಾಲಿಗಾಗಿ ಅವನ ಮುಖ ನೋಡುತ್ತ ನಿಂತಿತು.

ಮಗುವಿಗೆ ಏನೂ ಆಗಲಿಲ್ಲ. ಮಗಳ ಗಾಯವೂ ಮಾಯಿತು. ಆದರೆ ಬಲಗೈ ಮತ್ತೆ ಮೇಲೇಳಲಿಲ್ಲ. ಮಗುವನ್ನು ಎತ್ತಿಕೊಳ್ಳುವಾಗೆಲ್ಲ ಅವಳಿಗೆ ಒಬ್ಬರ ಸಹಾಯ ಬೇಕಾಗುತ್ತಿತ್ತು. ಬೈಯುವುದೇ ಅಭ್ಯಾಸವಾಗಿದ್ದ ಹೆಂಡತಿ ಅಂದು ಒಂದು ಮಾತೂ ಬೈಯಲಿಲ್ಲ. ಮುದುಕನಿಗೆ ಅದನ್ನು ತಡೆದುಕೊಳ್ಳುವುದು ಎಲ್ಲಕ್ಕಿಂತ ಕಷ್ಟವಾಯಿತು.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು. ಇಂದುಧರ ಬಾಗಿಲಿನತ್ತ ನೋಡಿದ. ಬಳೆಗಾರರ ಹುಡುಗಿ ಹೊರಗಿನ ಬೆಂಚಿನ ಮೇಲೆ ತಾಯಿಯ ಹೆಗಲಿಗೆ ಒರಗಿ, ಬಾಯಿಂದ ಉಸಿರೆಳೆಯುತ್ತಿದ್ದಳು.

“ಬೇಲಿಯೇ ಎದ್ದು ಹೊಲ ಮೇಯಿತು,” ಎಂದ.

“ಗಾದೆ ಇಲ್ಲಿಗೆ ಹೊಂದುವುದಿಲ್ಲ. ಹೊಲ ಮೇಯ್ದ ಬೇಲಿ ದ್ರೋಹ ಮಾಡಿತು. ಈ ನಾಯಿಗಳು ಯಾವ ದ್ರೋಹ ಮಾಡಿದವು? ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದವು.”

“ಹಾಗಾದರೆ ಮುದುಕ ಆಮೇಲೆ ಏನು ಮಾಡಿದ? ನಾಯಿಗಳನ್ನು ಕೊಂದನೇ?”

“ಕೊಂದರೆ ತೋಳ ಬರುವುದಿಲ್ಲವೇ? ಬೊಂಬೆಯನ್ನು ಸುಟ್ಟ. ನಾಯಿಗಳನ್ನು ಕಟ್ಟಿಹಾಕಿ, ಹೊಟ್ಟೆ ತುಂಬ ಹಾಕಿ, ಸಿಟ್ಟಿಳಿಯುವ ತನಕ ಕಾದ. ಮುದಿ ನಾಯಿಯನ್ನು ಬಿಚ್ಚಿ ಅವುಗಳ ನಡುವೆ ಬಿಟ್ಟ. ಹರಿದ ಕಂಬಳಿಗಳನ್ನು ಬಯಲಿನಲ್ಲಿಡುವುದನ್ನು ಬಿಡಿಸಿ, ದೊಡ್ಡಿಯ ನೆಲದಲ್ಲೇ ಹೂಳಿಸಿದ. ಇನ್ನೊಬ್ಬ ಕಳ್ಳ ಅಂಥದೇ ಹೊದ್ದು ಒಂದು ಸಲ ಬಂದರೂ ಸಾಕು, ನಾಯಿಗಳಿಗೆ ಹಳೆಯ ಪಾಠ ನೆನಪಾಗುತ್ತದೆ ಎಂದು ಅವನಿಗೆ ಗೊತ್ತಾಗಿತ್ತು. ಈ ಹುಡುಗಿಗೂ ಅದೇ ದಾರಿ. ಅವಳ ಮೈಯ ಕಾವಲೇ ಅವಳ ಕೀಲನ್ನೂ ಹೃದಯವನ್ನೂ ಕಚ್ಚುತ್ತಿದೆ, ಹಾಗೆ ಕೆರಳಿದ್ದನ್ನು ಇಳಿಸುವ ಮಾತ್ರೆ ಬೇಕು. ಆ ರೋಗಾಣು ಮತ್ತೆ ಗಂಟಲಿಗೆ ಬಾರದ ಹಾಗೆ ವರ್ಷಗಟ್ಟಲೆ ಸೂಜಿ ಹಾಕಿಸಬೇಕು. ಎದೆಯ ಆ ಸದ್ದು ಪೂರ್ತಿ ಹೋಗುತ್ತದೆ ಎಂದು ನಾನು ಹೇಳಲಾರೆ.”

ಅಷ್ಟರಲ್ಲಿ ತಾಯಿ ಎದ್ದು ಬಂದು ಬಾಗಿಲಲ್ಲಿ ನಿಂತಳು. ಅವಳ ಕಣ್ಣು ಇಂದುಧರನ ಕೈಯಲ್ಲಿದ್ದ ಶೀಸೆಯ ಮೇಲೆ, ಅದರ ಪೈಲ್ವಾನನ ಮೇಲೆ ಬಿತ್ತು.

“ಅದು ಶಕ್ತಿ ಬರೂ ಔಷಧ ಅಲ್ಲೇನ್ರೀ ಸಾಹೇಬ್ರ? ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಕೂಸು ಬಾಳ ಸೊರಗೈತಿ.”

ಇಂದುಧರ ಗುರುಗಳ ಮುಖ ನೋಡಿದ.

“ಕೊಡುವುದಾದರೆ ಕೊಡು,” ಎಂದರು ಗುರುಗಳು, “ಆದರೆ ಈ ಹಾಲು ಯಾವ ನಾಯಿಗೆ ಎಂದು ಮೊದಲು ಆ ತಾಯಿಗೆ ಹೇಳಿ ಕೊಡು.”